ಕಾವಲುಗಾರನ ಕಾಲು ಯಾಕೆ ಅಲುಗುತ್ತಿಲ್ಲ?

ಪ್ರಶ್ನೆ: ಸರ್, ನಾನು ಬೀದರಿನಲ್ಲಿ ಬಿಸಿಎ ಓದುತ್ತಿದ್ದೇನೆ. ಗೊಡಾಟ್ 4 ಅನ್ನುವ ಗೇಮ್ ತಯಾರಿಸುವ ಸಾಫ್ಟ್‌ವೇರ್‌ನಲ್ಲಿ ಒಂದು ಸಣ್ಣ ಗೇಮ್ ಮಾಡುತ್ತಿದ್ದೇನೆ. ಕಂದೀಲು ಹಿಡಿದ ರಾತ್ರಿ ಕಾವಲುಗಾರ ಬೀದರ ಕೋಟೆಯೊಳಗೆ, ಸೋಲಾ ಖಂಬ ಮಸೀದಿಯ ಕಂಬಗಳ ನಡುವೆ ಸುತ್ತಬೇಕು. ಸ್ಪ್ರೈಟ್ ಶೀಟ್ (ಪಾತ್ರದ ಎಲ್ಲ ಭಂಗಿಗಳೂ ಸಾಲಾಗಿರುವ ಒಂದೇ ಚಿತ್ರ) ನಾನೇ ಬಿಡಿಸಿದ್ದು: ಒಂದೊಂದು ಫ್ರೇಮ್ 512 ಪಿಕ್ಸೆಲ್, ಒಟ್ಟು 64 ಫ್ರೇಮ್, ನೋಡ್‌ನ (ಗೇಮ್‌ನ ಒಂದೊಂದು ಬಿಡಿಭಾಗ) ಸ್ಕೇಲ್ 0.25. ಎಡಿಟರ್‌ನಲ್ಲಿ ಅನಿಮೇಶನ್ ಚೆನ್ನಾಗಿ ಓಡುತ್ತದೆ. ಗೇಮ್ ಶುರು ಮಾಡಿದರೆ ಕಾವಲುಗಾರ ಮೊದಲ ಫ್ರೇಮ್‌ನಲ್ಲೇ ನಿಂತು ನೆಲದ ಮೇಲೆ ಜಾರುತ್ತಾನೆ. ಪ್ರತಿ ಫಿಸಿಕ್ಸ್ ಪ್ರೊಸೆಸ್‌ನಲ್ಲಿ (ಚಲನೆಯ ಲೆಕ್ಕಕ್ಕೆ ಸೆಕೆಂಡಿಗೆ ಹಲವು ಸಲ ಓಡುವ ಕೋಡ್) ಮೊದಲು 'ನಿಲುವು' ಪ್ಲೇ ಮಾಡಿ, ಬಾಣದ ಕೀ ಒತ್ತಿದ್ದರೆ ಆಮೇಲೆ 'ನಡಿಗೆ' ಪ್ಲೇ ಮಾಡುತ್ತಿದ್ದೇನೆ. ಇನ್ನೂ ಕೆಲವು ತೊಂದರೆ ಇವೆ. ಲಾಠಿ ಬೀಸಿದ ಮೇಲೆ ಕೆಲವೊಮ್ಮೆ ಹಾಗೇ ಸಿಕ್ಕಿಹಾಕಿಕೊಳ್ಳುತ್ತಾನೆ. ಎಡಕ್ಕೆ ತಿರುಗಿದರೆ ಕಂದೀಲು ಬಲಗಡೆಯೇ ಉಳಿಯುತ್ತದೆ. ಕಂಬದ ಹಿಂದೆ ಹೋದರೂ ಕಂಬದ ಮುಂದೆ ಕಾಣುತ್ತಾನೆ, ವೈ ಸಾರ್ಟ್ (ಪರದೆಯಲ್ಲಿ ಕೆಳಗಿರುವುದನ್ನು ಮುಂದೆ ಬಿಡಿಸುವ ವ್ಯವಸ್ಥೆ) ಹಾಕಿದರೂ ಸರಿಯಾಗಿಲ್ಲ, ಝಡ್ ಇಂಡೆಕ್ಸ್ (ಯಾವುದು ಯಾವುದರ ಮೇಲೆ ಅನ್ನುವ ಅಂಕಿ) 10 ಇಟ್ಟು ನೋಡಿದೆ. ಫೋನಿನಲ್ಲಂತೂ ಗೇಮ್ ತುಂಬಾ ನಿಧಾನ. ಶೀಟ್ ಮತ್ತೆ ಬಿಡಿಸಬೇಕಾ?

ಉತ್ತರ: ಬೇಡ. ನಿಮ್ಮ ಚಿತ್ರದಲ್ಲಿ ತಪ್ಪಿಲ್ಲ. ಎಡಿಟರ್‌ನಲ್ಲಿ ಓಡುತ್ತದೆ ಅಂದರೆ ಫ್ರೇಮ್‌ಗಳು ಸರಿಯಾಗಿಯೇ ಕತ್ತರಿಸಿವೆ. ಅನಿಮೇಶನ್ ಕೆಟ್ಟಾಗ ಎಲ್ಲರೂ ಮೊದಲು ಶೀಟ್ ಹಿಡಿದು ಕೂರುತ್ತಾರೆ, ಆದರೆ ನೀವು ಹೇಳಿದ ತೊಂದರೆಗಳಲ್ಲಿ ಫೋನಿನದೊಂದು ಬಿಟ್ಟರೆ ಉಳಿದವೆಲ್ಲ ಸೀನ್ ಟ್ರೀಯಲ್ಲಿ, ಅಂದರೆ ನೋಡ್‌ಗಳನ್ನು ತಾಯಿ, ಮಗು ಅಂತ ಜೋಡಿಸಿದ ಪಟ್ಟಿಯಲ್ಲಿ ಇವೆ. ಯಾವ ನೋಡ್ ಯಾರ ಮಗು, ಅಪ್ಪಣೆ ಕೊಡುವವರು ಯಾರು, ಎಷ್ಟು ಸಲ ಕೊಡುತ್ತಾರೆ, ಇಷ್ಟನ್ನೇ ಸರಿಮಾಡಬೇಕು. ನೋಡ್‌ಗಳ ಹೆಸರಿನ ಕೊನೆಯ '2ಡಿ'ಯನ್ನು ಬಿಟ್ಟು ಬರೆಯುತ್ತೇನೆ, ಓದಲು ಸುಲಭ.

ಮೊದಲು ಕಾಲು. ಅನಿಮೇಟೆಡ್‌ಸ್ಪ್ರೈಟ್‌ಗೆ, ಅಂದರೆ ಫ್ರೇಮ್‌ಗಳನ್ನು ಓಡಿಸುವ ನೋಡ್‌ಗೆ, ಪ್ಲೇ ಅಂತ ಹೇಳಿದಾಗ ಅದು ಒಂದು ವಿಷಯ ನೋಡುತ್ತದೆ: ಈಗ ಇರುವ ಅನಿಮೇಶನ್ ಹೆಸರೂ ನೀವು ಕೇಳಿದ ಹೆಸರೂ ಒಂದೇನಾ? ಒಂದೇ ಆಗಿದ್ದರೆ ಓಡುತ್ತಿರುವುದು ಹಾಗೇ ಮುಂದುವರಿಯುತ್ತದೆ. ಆದ್ದರಿಂದ 'ನಡಿಗೆ' ಪ್ಲೇ ಅಂತ ಸೆಕೆಂಡಿಗೆ 60 ಸಲ ಕರೆದರೂ ಏನೂ ತೊಂದರೆ ಇಲ್ಲ. ಹೆಸರು ಬೇರೆ ಆಗಿದ್ದರೆ ಮಾತ್ರ ಹೊಸ ಅನಿಮೇಶನ್ ಹಿಡಿದು ಫ್ರೇಮ್ ಸೊನ್ನೆಯಿಂದ ಶುರುಮಾಡುತ್ತದೆ. ಈಗ ನಿಮ್ಮ ಕೋಡ್ ನೋಡಿ. ಒಂದು ಟಿಕ್‌ನಲ್ಲಿ (ಫಿಸಿಕ್ಸ್ ಪ್ರೊಸೆಸ್‌ನ ಒಂದು ಸುತ್ತು) ಮೊದಲು 'ನಿಲುವು' ಬಂತು, ಫ್ರೇಮ್ ಸೊನ್ನೆ. ಅದೇ ಟಿಕ್‌ನಲ್ಲಿ 'ನಡಿಗೆ' ಬಂತು, ಮತ್ತೆ ಫ್ರೇಮ್ ಸೊನ್ನೆ. ಮುಂದಿನ ಟಿಕ್‌ನಲ್ಲಿ ಮತ್ತೆ ಅದೇ. ಫಿಸಿಕ್ಸ್ ಸೆಕೆಂಡಿಗೆ 60 ಸಲ ನಡೆಯುತ್ತದೆ. ನಡಿಗೆಯ ವೇಗ ಸೆಕೆಂಡಿಗೆ 10 ಫ್ರೇಮ್ ಇದ್ದರೆ, ಮುಂದಿನ ಫ್ರೇಮ್‌ಗೆ ಹೋಗಲು 6 ಟಿಕ್‌ಗಳ ಸಮಯ ಬೇಕು. ನೀವು ಒಂದು ಟಿಕ್ ಮುಗಿಯುವಷ್ಟರಲ್ಲೇ ಅದನ್ನು ಹಿಂದಕ್ಕೆ ಎಳೆಯುತ್ತಿದ್ದೀರಿ. ಪಾಪ, ಅವನಿಗೆ ಎರಡನೇ ಹೆಜ್ಜೆ ಇಡಲು ಸಮಯವೇ ಸಿಗುತ್ತಿಲ್ಲ. ಪರದೆಗೆ ಬರುವುದು ಕೊನೆಯ ಪ್ಲೇ ಮಾತ್ರ, ಅದಕ್ಕೇ ನಿಮಗೆ 'ನಿಲುವು' ಕಾಣುವುದೇ ಇಲ್ಲ, ಹೆಪ್ಪುಗಟ್ಟಿದ 'ನಡಿಗೆ'ಯ ಮೊದಲ ಚಿತ್ರ ಕಾಣುತ್ತದೆ.

ಪರಿಹಾರ ಹೀಗೆ. ಪ್ಲೇ ಅನ್ನುವ ಸಾಲು ಇಡೀ ಸ್ಕ್ರಿಪ್ಟ್‌ನಲ್ಲಿ ಒಂದೇ ಕಡೆ ಇರಲಿ. ಮೊದಲು 'ಬೇಕಾದದ್ದು' ಅಂತ ಒಂದು ವೇರಿಯಬಲ್ ಮಾಡಿ, ಅದಕ್ಕೆ 'ನಿಲುವು' ಅಂತ ಕೊಡಿ. ಓಡಾಟ ಇದ್ದರೆ ಅದನ್ನೇ 'ನಡಿಗೆ' ಮಾಡಿ. ಲಾಠಿ ಬೀಸುತ್ತಿದ್ದರೆ 'ಲಾಠಿ' ಮಾಡಿ. ಎಲ್ಲ ನಿರ್ಧಾರ ಮುಗಿದ ಮೇಲೆ ಕೊನೆಯಲ್ಲಿ ಒಂದು ಸಲ ಪ್ಲೇ, ಬೇಕಾದದ್ದು. ಅಷ್ಟೇ. ಅಂದಹಾಗೆ ಗೊಡಾಟ್ 4ರಲ್ಲಿ ಅನಿಮೇಶನ್‌ಗೆ ಮಾತ್ರ ಅಲ್ಲ, ಜಿಡಿಸ್ಕ್ರಿಪ್ಟ್ (ಗೊಡಾಟ್‌ನ ಕೋಡ್ ಭಾಷೆ) ವೇರಿಯಬಲ್‌ಗೂ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ನೀವು ಅನಿಮೇಶನ್‌ಗಳಿಗೆ ಕನ್ನಡ ಹೆಸರಿಟ್ಟಿದ್ದು ನನಗೆ ತುಂಬಾ ಇಷ್ಟವಾಯಿತು, ಹಾಗೇ ಇರಲಿ.

ಇನ್ನೊಂದು ಮಾತು. ಓಡಾಟ ಇದೆಯೋ ಇಲ್ಲವೋ ಅನ್ನುವುದನ್ನು ಕೀ ನೋಡಿ ತೀರ್ಮಾನಿಸಬೇಡಿ. ಪಾತ್ರವನ್ನು ಸರಿಸುವ ಮೂವ್ ಆಂಡ್ ಸ್ಲೈಡ್ ಆದ ಮೇಲೆ ವೆಲಾಸಿಟಿ (ವೇಗ) ನೋಡಿ. ಗೋಡೆಗೆ ಒತ್ತಿಕೊಂಡು ನಿಂತಾಗ ಕೀ ಒತ್ತಿಯೇ ಇರುತ್ತದೆ, ಆದರೆ ವೆಲಾಸಿಟಿ ಸೊನ್ನೆಗೆ ಬಂದಿರುತ್ತದೆ. ಕೀ ನಂಬಿದರೆ ಅವನು ಗೋಡೆ ಎದುರು ಸುಮ್ನೆ ಕಾಲು ಬಡಿಯುತ್ತಾ ಇರುತ್ತಾನೆ. ಹಾಗಂತ ಸೊನ್ನೆಗೆ ಹೋಲಿಸಬೇಡಿ. ಮೂಲೆಯಲ್ಲಿ ಚೂರುಪಾರು ವೇಗ ಉಳಿದು ನಿಲುವು, ನಡಿಗೆ ಎರಡರ ನಡುವೆ ಪಟಪಟ ಬದಲಾಗುತ್ತದೆ, ಮತ್ತೆ ಮೊದಲಿನ ರೋಗವೇ. ಸೆಕೆಂಡಿಗೆ 5 ಪಿಕ್ಸೆಲ್‌ಗಿಂತ ಜಾಸ್ತಿ ಇದ್ದರೆ ನಡಿಗೆ ಅನ್ನಿ.

ಇದು ಸರಿಯಾಗಿದೆಯೋ ಅಂತ ಕಣ್ಣಾರೆ ನೋಡಬಹುದು. ಗೇಮ್ ಓಡುತ್ತಿರುವಾಗ ಎಡಿಟರ್‌ಗೆ ಬನ್ನಿ, ಸೀನ್ ಪ್ಯಾನೆಲ್‌ನ ಮೇಲೆ ರಿಮೋಟ್ ಅಂತ ಇರುತ್ತದೆ, ಒತ್ತಿ. ಓಡುತ್ತಿರುವ ಟ್ರೀ ಕಾಣುತ್ತದೆ. ಅನಿಮೇಟೆಡ್‌ಸ್ಪ್ರೈಟ್ ಆರಿಸಿ, ಇನ್‌ಸ್ಪೆಕ್ಟರ್‌ನಲ್ಲಿ ಫ್ರೇಮ್ ಅನ್ನುವ ಸಂಖ್ಯೆ ನೋಡಿ. ಈಗ ನೋಡಿದರೆ ಸೊನ್ನೆಯಲ್ಲೇ ಅಂಟಿರುತ್ತದೆ. ಕೋಡ್ ಬದಲಿಸಿದ ಮೇಲೆ, ನಡಿಗೆಗೆ 8 ಫ್ರೇಮ್ ಇದ್ದರೆ, 0ಯಿಂದ 7ರವರೆಗೆ ಹೋಗಿ ತಿರುಗಿ ಬರಬೇಕು.

ಕಾಲು ಅಲುಗಿದ ತಕ್ಷಣ ಮುಂದಿನ ತೊಂದರೆ ಕಾಣುತ್ತದೆ, ಅದನ್ನೂ ಈಗಲೇ ಹೇಳಿಬಿಡುತ್ತೇನೆ: ಪಾದ ಜಾರುವುದು. ಕಾಲು ಆಡುತ್ತದೆ, ಆದರೂ ನೆಲ ಹಿಡಿದಂತೆ ಕಾಣುವುದಿಲ್ಲ. ಹೆಚ್ಚಿನವರು ವೇಗದ ಅಂಕಿಯನ್ನು ಅಂದಾಜಿನಲ್ಲಿ ಏರಿಸಿ ಇಳಿಸಿ ಬಿಟ್ಟುಬಿಡುತ್ತಾರೆ. ಫ್ರೇಮ್‌ಗಳನ್ನೂ ಅವುಗಳ ವೇಗವನ್ನೂ ಇಟ್ಟುಕೊಳ್ಳುವ ಸ್ಪ್ರೈಟ್‌ಫ್ರೇಮ್ಸ್‌ನಲ್ಲಿ ಹೊಸ ಅನಿಮೇಶನ್‌ಗೆ ತಾನಾಗಿ ಬರುವ ವೇಗ ಸೆಕೆಂಡಿಗೆ 5 ಫ್ರೇಮ್, ನಡಿಗೆಗೆ ಅದು ಸಾಲದು. ಎಷ್ಟು ಬೇಕು ಅನ್ನುವುದನ್ನು ಅಳೆದೇ ತೆಗೆಯಬಹುದು. ನಿಮ್ಮ ಶೀಟ್ ತೆರೆದು ನಡಿಗೆಯ ಎರಡು ಅಕ್ಕಪಕ್ಕದ ಫ್ರೇಮ್ ತೆಗೆದುಕೊಳ್ಳಿ. ನೆಲದ ಮೇಲೆ ಊರಿದ ಪಾದ ಒಂದರಿಂದ ಇನ್ನೊಂದಕ್ಕೆ ಎಷ್ಟು ಪಿಕ್ಸೆಲ್ ಹಿಂದೆ ಸರಿದಿದೆ ನೋಡಿ. 24 ಅಂದುಕೊಳ್ಳೋಣ. ಸ್ಕೇಲ್ 0.25 ಇರುವುದರಿಂದ ಗೇಮ್‌ನಲ್ಲಿ ಅದು 6. ಕಾವಲುಗಾರ ಸೆಕೆಂಡಿಗೆ 96 ಪಿಕ್ಸೆಲ್ ಹೋಗುತ್ತಾನೆ ಅಂದರೆ, 96ನ್ನು 6ರಿಂದ ಭಾಗಿಸಿ: ಸೆಕೆಂಡಿಗೆ 16 ಫ್ರೇಮ್. ಈ ಅಂಕಿ ಹಾಕಿದ ತಕ್ಷಣ ಪಾದ ನೆಲಕ್ಕೆ ಊರಿಕೊಳ್ಳುತ್ತದೆ. ಎರಡು ಫ್ರೇಮ್‌ಗಳ ನಡುವೆ ಒಂದು ಕಡೆ 24, ಇನ್ನೊಂದು ಕಡೆ 35 ಬಂದರೆ ಮಾತ್ರ ಆ ಒಂದು ಫ್ರೇಮ್ ತಿದ್ದಿ.

ಆಮೇಲೆ ಅವನು ಓಡುವಾಗ, ನಿಧಾನ ಮಾಡುವಾಗ ಏನು ಮಾಡಬೇಕು? ಅನಿಮೇಟೆಡ್‌ಸ್ಪ್ರೈಟ್‌ನಲ್ಲಿ ಸ್ಪೀಡ್ ಸ್ಕೇಲ್ ಇದೆ, ಅನಿಮೇಶನ್ ವೇಗವನ್ನು ಗುಣಿಸುವ ಅಂಕಿ. ಈಗಿನ ವೇಗವನ್ನು 96ರಿಂದ ಭಾಗಿಸಿ ಅದಕ್ಕೆ ಕೊಡಿ. ಆದರೆ ಸ್ಪ್ರೈಟ್‌ಫ್ರೇಮ್ಸ್‌ನೊಳಗಿನ ವೇಗವನ್ನು ಕೋಡ್‌ನಿಂದ ಮುಟ್ಟಬೇಡಿ. ಅದು ಎಲ್ಲ ಕಾವಲುಗಾರರೂ ಹಂಚಿಕೊಳ್ಳುವ ಒಂದೇ ರಿಸೋರ್ಸ್. ಒಬ್ಬನ ವೇಗ ಬದಲಿಸಲು ಹೋಗಿ ಕೋಟೆಯ ಎಲ್ಲ ಕಾವಲುಗಾರರೂ ದಡಬಡ ಓಡತೊಡಗುತ್ತಾರೆ. ಸ್ಪೀಡ್ ಸ್ಕೇಲ್ ಆಯಾ ನೋಡ್‌ನದು, ಅದಕ್ಕೆ ಆ ಭಯ ಇಲ್ಲ. ನಾಲ್ಕೈದು ಕಾವಲುಗಾರರನ್ನು ಒಟ್ಟಿಗೆ ಇಡುವುದಾದರೆ, ಶುರುವಿನಲ್ಲಿ ಪ್ಲೇ ಆದ ಮೇಲೆ ಒಬ್ಬೊಬ್ಬನ ಫ್ರೇಮ್‌ಗೂ ಬೇರೆ ಬೇರೆ ಸಂಖ್ಯೆ ಕೊಡಿ. ಇಲ್ಲದಿದ್ದರೆ ಎಲ್ಲರ ಎಡಗಾಲೂ ಒಂದೇ ಕ್ಷಣಕ್ಕೆ ಏಳುತ್ತದೆ, ಪೊಲೀಸ್ ಪರೇಡ್ ಮೈದಾನ ಆಗಿಬಿಡುತ್ತದೆ.

ಈಗ ಲಾಠಿ. ಇಲ್ಲಿ ಎರಡು ಕಾರಣ ಇರಬಹುದು. ಒಂದು, 'ಲಾಠಿ' ಅನಿಮೇಶನ್‌ನ ಲೂಪ್ ಗುಂಡಿ ಆನ್ ಆಗಿದೆ. ಲೂಪ್ ಆನ್ ಇದ್ದರೆ 'ಮುಗಿಯಿತು' ಅಂತ ಕೋಡ್‌ಗೆ ತಿಳಿಸುವ ಅನಿಮೇಶನ್ ಫಿನಿಶ್ಡ್ ಅನ್ನುವ ಸಿಗ್ನಲ್ ಬರುವುದೇ ಇಲ್ಲ, ಅದರ ಬದಲು ಪ್ರತಿ ಸುತ್ತಿಗೂ ಅನಿಮೇಶನ್ ಲೂಪ್ಡ್ ಬರುತ್ತದೆ. ಆದರೆ ನಿಮಗೆ 'ಕೆಲವೊಮ್ಮೆ' ಮಾತ್ರ ಆಗುತ್ತಿದೆ ಅಂದಿರಿ, ಅಂದರೆ ಕಾರಣ ಎರಡನೆಯದು. ಅರ್ಧ ಬೀಸಿದಾಗ ಅವನಿಗೇ ಪೆಟ್ಟು ಬೀಳುತ್ತದೆ, ನಿಮ್ಮ ಕೋಡ್ 'ಪೆಟ್ಟು' ಅನ್ನುವ ಅನಿಮೇಶನ್‌ಗೆ ಹೋಗುತ್ತದೆ. ನಡುವೆ ಕಡಿದುಹೋದ ಅನಿಮೇಶನ್‌ಗೆ ಮುಗಿದ ಸಿಗ್ನಲ್ ಇಲ್ಲ. 'ಲಾಠಿ' ಮುಗಿಯಲಿ ಅಂತ ಕಾಯುವ ನಿಮ್ಮ ಕೋಡ್ ಕಾಯುತ್ತಲೇ ಇರುತ್ತದೆ, 'ಬೀಸುತ್ತಿದ್ದಾನೆ' ಅನ್ನುವ ವೇರಿಯಬಲ್ ನಿಜವಾಗಿಯೇ ಉಳಿಯುತ್ತದೆ.

ಅದಕ್ಕೇ ನಾನು ಹೇಳುವುದು, ಕಾವಲುಗಾರ ಏನು ಮಾಡುತ್ತಿದ್ದಾನೆ ಅನ್ನುವ ಸತ್ಯ ಸ್ಪ್ರೈಟ್‌ನ ಬಳಿ ಇರಬಾರದು. ಅದು ಕ್ಯಾರೆಕ್ಟರ್‌ಬಾಡಿಯ (ಕಾವಲುಗಾರನನ್ನು ನಡೆಸುವ ತಾಯಿ ನೋಡ್) ಸ್ಕ್ರಿಪ್ಟ್‌ನಲ್ಲಿ, 'ಸ್ಥಿತಿ' ಅನ್ನುವ ಒಂದೇ ವೇರಿಯಬಲ್‌ನಲ್ಲಿ ಇರಲಿ. ನಿಂತಿದ್ದಾನೆ, ನಡೆಯುತ್ತಿದ್ದಾನೆ, ಬೀಸುತ್ತಿದ್ದಾನೆ, ಪೆಟ್ಟು ತಿಂದಿದ್ದಾನೆ. ಪೆಟ್ಟು ಬಿದ್ದಾಗ ಸ್ಥಿತಿ ಬದಲಾಯಿತು, ಬೀಸುವುದು ಅಲ್ಲಿಗೆ ಮುಗಿಯಿತು, ಸಿಗ್ನಲ್‌ಗೆ ಕಾಯುವ ಮಾತೇ ಇಲ್ಲ. ಸಿಗ್ನಲ್ ಬಂದಾಗಲೂ, ಈಗಲೂ ಸ್ಥಿತಿ 'ಬೀಸು' ಆಗಿದೆಯಾ ಅಂತ ಕೇಳಿಯೇ ಮುಂದೆ ಹೋಗಿ. ಲಾಠಿ ತಗುಲುವುದು ಯಾವ ಫ್ರೇಮ್‌ನಲ್ಲಿ ಅನ್ನುವುದಕ್ಕೆ ಫ್ರೇಮ್ ಚೇಂಜ್ಡ್ ಸಿಗ್ನಲ್ ಬಳಸಬಹುದು, ಆದರೆ ಅಲ್ಲಿ ಫ್ರೇಮ್ ಸಂಖ್ಯೆ ಜೊತೆಗೆ ಅನಿಮೇಶನ್ ಹೆಸರನ್ನೂ ಪರೀಕ್ಷಿಸಿ. 'ನಡಿಗೆ'ಗೂ ಒಂದು 3ನೇ ಫ್ರೇಮ್ ಇದೆ ಅಲ್ವಾ.

ಅನಿಮೇಶನ್‌ಪ್ಲೇಯರ್ ಬಳಸಬೇಕಾ ಅಂತ ನೀವು ಕೇಳಿಲ್ಲ, ಆದರೂ ಈ ಜಾಗದಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ. ಬರೀ ಚಿತ್ರ ಬದಲಾಗುವುದಾದರೆ ಅನಿಮೇಟೆಡ್‌ಸ್ಪ್ರೈಟ್ ಸಾಕು. ಚಿತ್ರದ ಜೊತೆಗೆ ಹೆಜ್ಜೆ ಸಪ್ಪಳ, ಹೊಡೆತದ ಏರಿಯಾ ಆನ್ ಆಫ್, ಕಂದೀಲಿನ ಬೆಳಕು ಇವೆಲ್ಲ ಫ್ರೇಮ್‌ಗೆ ಸರಿಯಾಗಿ ಕೂಡಬೇಕಾದರೆ ಸಾದಾ ಸ್ಪ್ರೈಟ್ ಹಾಕಿ, ಹೆಚ್‌ಫ್ರೇಮ್ಸ್ (ಅಡ್ಡಕ್ಕೆ ಎಷ್ಟು ಫ್ರೇಮ್) 8, ವಿಫ್ರೇಮ್ಸ್ (ಕೆಳಕ್ಕೆ ಎಷ್ಟು) 8 ಕೊಟ್ಟು, ಅದರ ಫ್ರೇಮ್ ಅನ್ನು ಅನಿಮೇಶನ್‌ಪ್ಲೇಯರ್‌ನಿಂದ ಓಡಿಸಿ. ನಿಮ್ಮ ಗೇಮ್‌ಗೆ ಈಗ ಮೊದಲನೆಯದೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅರ್ಧ ದಾರಿಯಲ್ಲಿ ಬದಲಿಸಬೇಡಿ.

ಕಂದೀಲಿಗೆ ಬರೋಣ. ನೀವು ಎಡಕ್ಕೆ ತಿರುಗಿಸಲು ಫ್ಲಿಪ್ ಹೆಚ್ (ಚಿತ್ರವನ್ನು ಎಡಬಲ ತಿರುಗಿಸುವ ಗುಂಡಿ) ಬಳಸಿರಬೇಕು, ಕಂದೀಲು ಸ್ಪ್ರೈಟ್‌ನ ಮಗುವಾಗಿರಬೇಕು. ಇಲ್ಲಿ ಸೀನ್ ಟ್ರೀಯ ಮೂಲ ನಿಯಮ ಗೊತ್ತಿರಬೇಕು. ತಾಯಿ ನೋಡ್‌ನ ಜಾಗ, ತಿರುವು, ಸ್ಕೇಲ್ ಇವು ಮಕ್ಕಳಿಗೆ ಹರಿಯುತ್ತವೆ. ಶರಣಬಸವೇಶ್ವರರ ತೇರು ಎಳೆದರೆ ಮೇಲಿನ ಕಳಸವೂ ಜೊತೆಗೇ ಸಾಗುತ್ತದೆ, ಕಳಸವನ್ನು ಬೇರೆಯಾಗಿ ಎಳೆಯುವವರು ಯಾರೂ ಇಲ್ಲ, ಹಾಗೆ. ಆದರೆ ಫ್ಲಿಪ್ ಹೆಚ್ ಜಾಗವೂ ಅಲ್ಲ, ಸ್ಕೇಲೂ ಅಲ್ಲ. ಆ ಸ್ಪ್ರೈಟ್ ತನ್ನ ಚಿತ್ರವನ್ನು ಬಿಡಿಸುವಾಗ ಕನ್ನಡಿಯಲ್ಲಿ ಕಂಡಂತೆ ಬಿಡಿಸುತ್ತದೆ ಅಷ್ಟೇ. ಮಕ್ಕಳಿಗೆ ಅದು ತಿಳಿಯುವುದೇ ಇಲ್ಲ.

ಹಾಗಾದರೆ ಕ್ಯಾರೆಕ್ಟರ್‌ಬಾಡಿಯ ಸ್ಕೇಲ್ ಎಕ್ಸ್ ಅನ್ನೇ ಮೈನಸ್ 1 ಮಾಡಿದರೆ? ಮಾಡಬೇಡಿ. ಗೊಡಾಟ್ ಅದನ್ನು ಒಂದು ಮ್ಯಾಟ್ರಿಕ್ಸ್ ಆಗಿ ಇಟ್ಟುಕೊಳ್ಳುತ್ತದೆ, ತಿರುಗಿ ಬಿಡಿಸುವಾಗ 'ಎಕ್ಸ್ ಮೈನಸ್' ಅನ್ನುವುದು '180 ಡಿಗ್ರಿ ತಿರುವು, ಜೊತೆಗೆ ವೈ ಮೈನಸ್' ಅಂತ ಓದುತ್ತದೆ. ಎರಡೂ ನೋಡಲು ಒಂದೇ. ಆದರೆ ಮುಂದಿನ ಟಿಕ್‌ನಲ್ಲಿ ನೀವು ಮತ್ತೆ ಎಕ್ಸ್ ಮೈನಸ್ 1 ಕೊಟ್ಟರೆ ಅವನು ಇನ್ನೊಂದು ಕಡೆಗೆ ಮಗುಚುತ್ತಾನೆ. ಎಡ ಬಲ ಎಡ ಬಲ ಅಂತ ನಡುಗುತ್ತಾನೆ. ಫಿಸಿಕ್ಸ್ ಬಾಡಿಗೆ ಸ್ಕೇಲ್ ಹಾಕುವುದೇ ಒಳ್ಳೆಯದಲ್ಲ.

ನಡುವೆ ಒಂದು ಸಾದಾ ನೋಡ್ ಹಾಕಿ. ಕ್ಯಾರೆಕ್ಟರ್‌ಬಾಡಿ ಕೆಳಗೆ ಕೊಲಿಶನ್‌ಶೇಪ್ (ಡಿಕ್ಕಿ ಲೆಕ್ಕ ಹಾಕುವ ಆಕಾರ) ಒಂದು ಮಗು, 'ರೂಪ' ಅನ್ನುವ ಖಾಲಿ ನೋಡ್ ಇನ್ನೊಂದು ಮಗು. ಅನಿಮೇಟೆಡ್‌ಸ್ಪ್ರೈಟ್ ಮತ್ತು ಕಂದೀಲು ಎರಡೂ 'ರೂಪ'ದ ಮಕ್ಕಳು. ತಿರುಗಬೇಕಾದಾಗ 'ರೂಪ'ದ ಸ್ಕೇಲ್ ಎಕ್ಸ್ ಮೈನಸ್ 1. ಚಿತ್ರವೂ ತಿರುಗಿತು, ಕಂದೀಲೂ ತಿರುಗಿತು, ಅದರೊಳಗಿನ ಪಾಯಿಂಟ್‌ಲೈಟ್ (ಬೆಳಕು ಚೆಲ್ಲುವ ನೋಡ್) ಕೂಡ ಜೊತೆಗೇ ಹೋಯಿತು, ಕೊಲಿಶನ್ ಮಾತ್ರ ಇದ್ದಲ್ಲೇ ಇದೆ. ನಿಮ್ಮ 0.25 ಸ್ಕೇಲ್ ಸ್ಪ್ರೈಟ್‌ನಲ್ಲೇ ಉಳಿಯಲಿ, 'ರೂಪ'ಕ್ಕೆ ತರಬೇಡಿ, ಇಲ್ಲದಿದ್ದರೆ ತಿರುಗಿಸುವಾಗ ಅಂಕಿ ಗೊಂದಲ ಆಗುತ್ತದೆ. ತಲೆಯ ಮೇಲೆ ಹೆಸರು ತೋರಿಸುವ ಲೇಬಲ್ ಇದ್ದರೆ ಅದನ್ನು 'ರೂಪ'ದ ಹೊರಗೆ ಇಡಿ, ಒಳಗಿದ್ದರೆ ಅಕ್ಷರ ಉಲ್ಟಾ ಕಾಣುತ್ತದೆ.

ಕಂದೀಲು ಕೈಯ ಜೊತೆ ಏರಿ ಇಳಿಯಬೇಕು ಅನ್ನುವ ಆಸೆ ಇದ್ದರೆ, ನಡಿಗೆಯ 8 ಫ್ರೇಮ್‌ಗೂ ಅಂಗೈ ಎಲ್ಲಿದೆ ಅಂತ ನೋಡಿ 8 ಜಾಗಗಳ ಪಟ್ಟಿ ಮಾಡಿ. ಫ್ರೇಮ್ ಚೇಂಜ್ಡ್ ಬಂದಾಗ ಆ ಪಟ್ಟಿಯಿಂದ ಕಂದೀಲಿನ ಪೊಸಿಶನ್ ತೆಗೆದುಕೊಳ್ಳಿ. ಒಂದೆರಡು ಪಿಕ್ಸೆಲ್ ಅಲುಗಾಟ ಸಾಕು, ನೆಲದ ಮೇಲಿನ ಬೆಳಕಿನ ವೃತ್ತವೂ ಜೊತೆಗೆ ಅಲುಗುತ್ತದೆ, ಇಡೀ ಗೇಮ್‌ಗೆ ಜೀವ ಬರುತ್ತದೆ. ಈ ಕೆಲಸವನ್ನು ದಯವಿಟ್ಟು ಬಿಡಬೇಡಿ.

ಕಂಬದ ವಿಷಯದಲ್ಲಿ ನಿಮ್ಮ ಝಡ್ ಇಂಡೆಕ್ಸ್ 10 ಅನ್ನುವುದೇ ಅಡ್ಡ ಬಂದಿದೆ. ಅದನ್ನು ಮೊದಲು ಸೊನ್ನೆ ಮಾಡಿ. ವೈ ಸಾರ್ಟ್ ಹೋಲಿಸುವುದು ಒಂದೇ ಝಡ್ ಇಂಡೆಕ್ಸ್ ಇರುವವರನ್ನು ಮಾತ್ರ. 10 ಇರುವವನು ಎಲ್ಲಿ ನಿಂತರೂ ಸೊನ್ನೆ ಇರುವ ಕಂಬದ ಮೇಲೆಯೇ ಬರುತ್ತಾನೆ.

ಅದರ ನಂತರವೂ ಪೂರ್ತಿ ಸರಿಯಾಗುವುದಿಲ್ಲ, ಯಾಕೆಂದರೆ ವೈ ಸಾರ್ಟ್ ನೋಡುವುದು ನೋಡ್‌ನ ಮೂಲಬಿಂದುವನ್ನು, ಚಿತ್ರವನ್ನಲ್ಲ. ಸ್ಪ್ರೈಟ್‌ನಲ್ಲಿ ಸೆಂಟರ್ಡ್ ಆನ್ ಇರುತ್ತದೆ, ಹಾಗಾಗಿ ಮೂಲಬಿಂದು ಕಾವಲುಗಾರನ ಸೊಂಟದಲ್ಲಿದೆ, ಕಂಬದ್ದು ಕಂಬದ ನಡುಮಧ್ಯದಲ್ಲಿದೆ. ಅವನು ಕಂಬದ ಬುಡಕ್ಕಿಂತ ಹಿಂದಿದ್ದರೂ ಅವನ ಸೊಂಟ ಕಂಬದ ನಡುವಿಗಿಂತ ಕೆಳಗಿರುತ್ತದೆ, ಗೊಡಾಟ್ ಅವನನ್ನು ಮುಂದೆ ಬಿಡಿಸುತ್ತದೆ. ಎಲ್ಲರ ಮೂಲಬಿಂದುವೂ ನೆಲ ಮುಟ್ಟುವ ಜಾಗದಲ್ಲಿ ಇರಬೇಕು. ಕಾವಲುಗಾರನಿಗೆ ಪಾದ, ಕಂಬಕ್ಕೆ ಬುಡ. ಚಿತ್ರವನ್ನು ಮೂಲಬಿಂದುವಿನಿಂದ ಸರಿಸುವ ಆಫ್‌ಸೆಟ್‌ನ ವೈ ಅನ್ನು ಫ್ರೇಮ್ ಎತ್ತರದ ಅರ್ಧದಷ್ಟು ಮೈನಸ್ ಮಾಡಿ. ನಿಮ್ಮ 512 ಫ್ರೇಮ್‌ಗೆ ಮೈನಸ್ 256. ಇದು ಟೆಕ್ಸ್ಚರ್‌ನ (ಮೂಲ ಚಿತ್ರದ) ಪಿಕ್ಸೆಲ್ ಲೆಕ್ಕ, 0.25 ಇಲ್ಲಿ ಬರುವುದಿಲ್ಲ. ಪಾದದ ಕೆಳಗೆ ಖಾಲಿ ಜಾಗ ಬಿಟ್ಟು ಬಿಡಿಸಿದ್ದರೆ ಅಷ್ಟನ್ನು ಕಡಿಮೆ ಮಾಡಿ. ಕೊಲಿಶನ್‌ಶೇಪ್ ಕೂಡ ಪಾದದ ಸುತ್ತ ಸಣ್ಣದಾಗಿ ಇರಲಿ, ಇಡೀ ಮೈಗೆ ಹಾಕಿದರೆ ಅವನು ದಪ್ಪ ಕಂಬದ ಹಿಂದೆ ಹೋಗಲಿಕ್ಕೇ ಆಗುವುದಿಲ್ಲ.

ಇನ್ನು ವೈ ಸಾರ್ಟ್ ಎಲ್ಲಿ ಆನ್ ಮಾಡಬೇಕು? ಕಾವಲುಗಾರ, ಕಂಬ ಎಲ್ಲರಿಗೂ ತಾಯಿಯಾದ 'ಅಂಗಳ' ನೋಡ್‌ನಲ್ಲಿ. ಕಂಬಗಳನ್ನು 'ಕಂಬಗಳು' ಅನ್ನುವ ಇನ್ನೊಂದು ನೋಡ್ ಒಳಗೆ ಗುಂಪು ಮಾಡಿದ್ದರೆ ಅಲ್ಲಿಯೂ ಆನ್ ಮಾಡಿ. ಇಲ್ಲದಿದ್ದರೆ ಎಲ್ಲ ಕಂಬಗಳೂ ಸೇರಿ ಒಂದೇ ವಸ್ತು ಅಂತ ಲೆಕ್ಕಕ್ಕೆ ಬರುತ್ತವೆ. ಹಳೆಯ ಪಾಠಗಳಲ್ಲಿ ವೈಸಾರ್ಟ್ ಅನ್ನುವ ಪ್ರತ್ಯೇಕ ನೋಡ್ ಕಾಣುತ್ತದೆ, ಅದು ಗೊಡಾಟ್ 3ರದು. 4ರಲ್ಲಿ ಆ ನೋಡ್ ಇಲ್ಲ, ಇನ್‌ಸ್ಪೆಕ್ಟರ್‌ನ ಆರ್ಡರಿಂಗ್ ಭಾಗದಲ್ಲಿ ಒಂದು ಟಿಕ್ ಗುರುತು ಅಷ್ಟೇ. ವೈ ಸಾರ್ಟ್ ಇಲ್ಲದ ಕಡೆ ಟ್ರೀಯ ಕ್ರಮವೇ ನಿಯಮ: ತಾಯಿ ಮೊದಲು, ಮಕ್ಕಳು ಅವಳ ಮೇಲೆ, ಪಟ್ಟಿಯಲ್ಲಿ ಕೆಳಗಿರುವವರು ಮೇಲಿರುವವರ ಮೇಲೆ. 'ರೂಪ'ದೊಳಗೆ ಇದು ಉಪಯೋಗಕ್ಕೆ ಬರುತ್ತದೆ. ಅವನು ನಮಗೆ ಬೆನ್ನು ಮಾಡಿ ಮೇಲಕ್ಕೆ ನಡೆಯುವಾಗ ಕಂದೀಲು ಮೈಯ ಹಿಂದೆ ಹೋಗಬೇಕು, ಆಗ ಮೂವ್ ಚೈಲ್ಡ್ ಕರೆದು ಕಂದೀಲನ್ನು ಸ್ಪ್ರೈಟ್‌ಗಿಂತ ಮೊದಲಿಗೆ ಸರಿಸಿದರೆ ಸಾಕು.

ಕೊನೆಗೆ ಫೋನ್. ಇಲ್ಲಿ ಮಾತ್ರ ಶೀಟ್‌ಗೆ ಕೈ ಹಾಕಬೇಕು, ಆದರೆ ಮತ್ತೆ ಬಿಡಿಸಬೇಕಿಲ್ಲ, ಸಣ್ಣದಾಗಿ ಎಕ್ಸ್‌ಪೋರ್ಟ್ ಮಾಡಿದರೆ ಆಯಿತು. 512ರ ಫ್ರೇಮ್ ಸಾಲಿಗೆ 8ರಂತೆ 8 ಸಾಲು, ಅಂದರೆ 4096 ಗುಣಿಸು 4096. ಪಿಎನ್‌ಜಿ ಫೈಲ್ ಒಂದೆರಡು ಎಂಬಿ ಇರಬಹುದು, ಅದನ್ನು ನೋಡಿ ಸಮಾಧಾನ ಪಡಬೇಡಿ. ಕುಗ್ಗಿಸದೆ ಗ್ರಾಫಿಕ್ಸ್ ಮೆಮೊರಿಗೆ ಹೋಗುವಾಗ ಒಂದೊಂದು ಪಿಕ್ಸೆಲ್‌ಗೂ 4 ಬೈಟ್ ಬೇಕು, ಒಟ್ಟು 64 ಎಂಬಿ. ಇಂಥ ಮೂರು ಪಾತ್ರ ಬಂದರೆ 192 ಎಂಬಿ. ಅದೇ ಫ್ರೇಮ್ 128 ಆಗಿದ್ದರೆ ಇಡೀ ಶೀಟ್ 1024 ಗುಣಿಸು 1024, ಬರೀ 4 ಎಂಬಿ. ಸ್ಕೇಲ್ 0.25 ಇಟ್ಟು ನೀವು ತೋರಿಸುತ್ತಿರುವುದೂ 128ನ್ನೇ ಅಲ್ವಾ. ದೊಡ್ಡ ಚಿತ್ರವನ್ನು ಹಾಗೆ ಕುಗ್ಗಿಸಿ ತೋರಿಸಿದಾಗ ಅಂಚುಗಳು ಮಿಣಮಿಣ ಅನ್ನುತ್ತವೆ, ಅದೂ ಹೋಗುತ್ತದೆ. ಫೋನಿನ ಪರದೆ ದೊಡ್ಡದು ಅನ್ನಿಸಿದರೆ 256 ಇಡಿ, 16 ಎಂಬಿ ಆಗುತ್ತದೆ. ಅದಕ್ಕಿಂತ ಮೇಲೆ ಬೇಡ. ಎಕ್ಸ್‌ಪೋರ್ಟ್ ಮಾಡುವಾಗ ಫ್ರೇಮ್‌ಗಳ ಸುತ್ತ ಒಂದೆರಡು ಪಿಕ್ಸೆಲ್ ಖಾಲಿ ಬಿಡಿ, ಪಕ್ಕದ ಫ್ರೇಮ್‌ನ ಗೆರೆ ಇಲ್ಲಿ ಇಣುಕುವುದಿಲ್ಲ. ಗಾತ್ರ ಬದಲಿಸಿದ ಮೇಲೆ ಸ್ಕೇಲ್ ಮತ್ತು ಆಫ್‌ಸೆಟ್ ಎರಡನ್ನೂ ತಿದ್ದಲು ಮರೆಯಬೇಡಿ: 128ಕ್ಕೆ ಸ್ಕೇಲ್ 1, ಆಫ್‌ಸೆಟ್ ಮೈನಸ್ 64.

ಒಂದೇ ಶೀಟ್‌ನಿಂದ ಹತ್ತು ಕಾವಲುಗಾರರನ್ನು ನಿಲ್ಲಿಸಿದರೆ ಮೆಮೊರಿ ಹತ್ತು ಪಟ್ಟು ಆಗುವುದಿಲ್ಲ, ಟೆಕ್ಸ್ಚರ್ ಒಂದೇ ಇರುತ್ತದೆ. ಹತ್ತು ಕಂದೀಲಿನ ಬೆಳಕು ಮಾತ್ರ ಭಾರ, ಅದರಲ್ಲೂ ನೆರಳು ಆನ್ ಇದ್ದರೆ. ಆಟಗಾರನ ಕಂದೀಲಿಗೆ ಮಾತ್ರ ನಿಜವಾದ ಪಾಯಿಂಟ್‌ಲೈಟ್ ಕೊಡಿ. ದೂರದವರಿಗೆ ಮಸುಕಾದ ಹಳದಿ ವೃತ್ತದ ಚಿತ್ರ ಹಾಕಿ, ಮೆಟೀರಿಯಲ್‌ನ ಬ್ಲೆಂಡ್ ಮೋಡ್ ಅನ್ನು ಆಡ್ ಮಾಡಿ. ರೆಂಡರರ್ (ಪರದೆಗೆ ಚಿತ್ರ ಬಿಡಿಸುವ ಭಾಗ) ಆಗಿ ಕಂಪ್ಯಾಟಿಬಿಲಿಟಿ ಆರಿಸಿ, ಅಗ್ಗದ ಫೋನಿಗೆ ಅದೇ ಸರಿ.

ಪರೀಕ್ಷೆ ಮಾಡುವಾಗ ಎರಡು ನಿಮಿಷ ಆಡಿ ಬಿಡಬೇಡಿ. ನಮ್ಮ ಕಡೆ ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ 40 ಡಿಗ್ರಿ ದಾಟುತ್ತದೆ. ಬೀದರ ಎತ್ತರದಲ್ಲಿದೆ ಅಂತ ಸ್ವಲ್ಪ ವಾಸಿ ಅಷ್ಟೇ. ಫೋನ್ ಕಾದರೆ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ, ಬೆಳಿಗ್ಗೆ ಸರಾಗವಾಗಿದ್ದ ಗೇಮ್ ಮಧ್ಯಾಹ್ನ ಎಳೆಯುತ್ತದೆ. ಫ್ಯಾನ್ ಇಲ್ಲದ ಜಾಗದಲ್ಲಿ ಅರ್ಧ ಗಂಟೆ ಆಡಿ, ಶುರುವಿನ ಎಫ್‌ಪಿಎಸ್ (ಪರದೆಗೆ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) ಮತ್ತು ಕೊನೆಯ ಎಫ್‌ಪಿಎಸ್ ಬರೆದಿಟ್ಟುಕೊಳ್ಳಿ. ಕೊನೆಯದು ತೀರಾ ಬಿದ್ದಿದ್ದರೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ರನ್ ಭಾಗದಲ್ಲಿ ಮ್ಯಾಕ್ಸ್ ಎಫ್‌ಪಿಎಸ್ 30ಕ್ಕೆ ಕಟ್ಟಿ ನೋಡಿ. ನಡಿಗೆಗೆ ನಿಮಗೆ ಬೇಕಿರುವುದು ಸೆಕೆಂಡಿಗೆ 16 ಚಿತ್ರ, ಕಾವಲುಗಾರನ ಹೆಜ್ಜೆಗೆ ಏನೂ ಕೊರತೆ ಆಗುವುದಿಲ್ಲ.